ಮೂಳೆಯ ಇಂಪ್ಲಾಂಟ್‌ಗೆ ಬಯೋಗ್ಲಾಸ್ ಲೇಪನ: ಯಾವ ಲೇಸರ್ ದಾರಿ, ಯಾವಾಗ?

ಲೋಹದ ಇಂಪ್ಲಾಂಟ್ ಮೇಲೆ ಬಯೋಆಕ್ಟಿವ್ ಗಾಜಿನ (ಬಯೋಗ್ಲಾಸ್, ಅಂದರೆ ಮೂಳೆಗೆ ಬೆಸೆದುಕೊಳ್ಳುವ ಗಾಜು) ಲೇಪನ ಹಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಪಿಎಲ್‌ಡಿ ಒಳ್ಳೆಯದಾ, ಲೇಸರ್ ಕ್ಲ್ಯಾಡಿಂಗ್ ಒಳ್ಳೆಯದಾ?" ಪಿಎಲ್‌ಡಿ ಅಂದರೆ ಪಲ್ಸ್ಡ್ ಲೇಸರ್ ಡೆಪೊಸಿಷನ್, ಗಾಜನ್ನು ಲೇಸರ್‌ನಿಂದ ಆವಿ ಮಾಡಿ ತೆಳ್ಳಗೆ ಕೂರಿಸುವುದು. ಕ್ಲ್ಯಾಡಿಂಗ್ ಅಂದರೆ ಗಾಜಿನ ಪುಡಿಯನ್ನು ಲೋಹದ ಮೇಲೆಯೇ ಕರಗಿಸುವುದು. ಪ್ರಾಜೆಕ್ಟ್ ಶುರು ಮಾಡುವ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ, ಸಣ್ಣ ಇಂಪ್ಲಾಂಟ್ ತಯಾರಕರೂ ಇದನ್ನೇ ಕೇಳುತ್ತಾರೆ. ಲೇಸರ್ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಮೊದಲು ಲೋಹ ಯಾವುದು ಅಂತ ನೋಡಿ. ಆಮೇಲೆ ಗಾಜು. ಆಮೇಲೆ ಲೇಪನ ಎಷ್ಟು ದಪ್ಪ ಬೇಕು ಅನ್ನುವುದು. ಇವು ಗೊತ್ತಾದರೆ ಯಾವ ಲೇಸರ್ ಬೇಕು, ನಿಜಕ್ಕೂ ಲೇಸರ್ ಬೇಕಾ ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾದ ಹಾಗೆಯೇ.

ಈ ಬರಹದಲ್ಲಿ ಅದೇ ಕ್ರಮದಲ್ಲಿ ಹೋಗುತ್ತೇನೆ.

ಗಾಜು ಯಾಕೆ, ಲೋಹದ ಮೇಲೆ ಯಾಕೆ

1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ಒಂದು ಗಾಜು ತಯಾರಿಸಿದರು. ತೂಕದ ಲೆಕ್ಕದಲ್ಲಿ 45% ಸಿಲಿಕಾ, 24.5% ಸೋಡಿಯಂ ಆಕ್ಸೈಡ್, 24.5% ಕ್ಯಾಲ್ಸಿಯಂ ಆಕ್ಸೈಡ್, 6% ಫಾಸ್ಫರಸ್ ಪೆಂಟಾಕ್ಸೈಡ್. ಇದೇ ಇವತ್ತಿಗೂ ಎಲ್ಲರೂ ಹೆಸರು ಹೇಳುವ 45ಎಸ್5. ಕಿಟಕಿ ಗಾಜಿಗೆ ಹೋಲಿಸಿದರೆ ಇದರಲ್ಲಿ ಸಿಲಿಕಾ ತುಂಬಾ ಕಡಿಮೆ. ಹಾಗಾಗಿ ಮೈಯೊಳಗಿನ ದ್ರವ ತಾಗಿದ ಕೂಡಲೇ ಸೋಡಿಯಂ ಹೊರಗೆ ಬರುತ್ತದೆ, ಹೈಡ್ರೋಜನ್ ಒಳಗೆ ಹೋಗುತ್ತದೆ. ಮೇಲ್ಮೈಯಲ್ಲಿ ಸಿಲಿಕಾ ಜೆಲ್‌ನ ಪದರ ಕಟ್ಟುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ, ಕೊನೆಗೆ ಮೂಳೆಯ ಖನಿಜವನ್ನೇ ಹೋಲುವ ಅಪಟೈಟ್ ಆಗಿ ಹರಳುಗಟ್ಟುತ್ತದೆ. ಮೂಳೆ ಈ ಪದರಕ್ಕೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಕರಗಿಸಿ ಮಾಡುವ ಇಂಥ ಗಾಜಿನಲ್ಲಿ ಸಿಲಿಕಾ 60% ದಾಟಿದರೆ ಈ ಗುಣ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಈ 60 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಒಳ್ಳೆಯ ಗಾಜಿನ ಒಂದೇ ಒಂದು ದೊಡ್ಡ ತೊಂದರೆ ಅಂದರೆ ಬಲ. 45ಎಸ್5ನ ಎಳೆತದ ಬಲ ಸುಮಾರು 42 ಮೆಗಾಪಾಸ್ಕಲ್. ಸೊಂಟದ ಕೀಲಿನ ಭಾರ ಹೊರಲು ಇದು ಎಲ್ಲಿಗೂ ಸಾಲದು. ಟೈಟಾನಿಯಂ ಭಾರ ಹೊರುತ್ತದೆ, ಆದರೆ ಮೂಳೆಯ ಜೊತೆ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಲೋಹ ಭಾರ ಹೊರಲಿ, ಗಾಜು ಮೂಳೆಯ ಜೊತೆ ಮಾತಾಡಲಿ ಅನ್ನುವುದೇ ಲೇಪನದ ಹಿಂದಿನ ಆಸೆ.

ಆಸ್ಪತ್ರೆಗಳಲ್ಲಿ ಈಗ ಬಳಕೆಯಲ್ಲಿರುವ ಲೇಪನದ ಬಹುಪಾಲು ಗಾಜಲ್ಲ, ಪ್ಲಾಸ್ಮಾ ಸ್ಪ್ರೇ ಮಾಡಿದ (ಅತಿ ಬಿಸಿ ಅನಿಲದಲ್ಲಿ ಪುಡಿ ಕರಗಿಸಿ ಊದಿದ) ಹೈಡ್ರಾಕ್ಸಿಅಪಟೈಟ್, ಅಂದರೆ ಮೂಳೆಯ ಖನಿಜದ ಜಾತಿಯ ಸೆರಾಮಿಕ್. 1985ರಲ್ಲಿ ಲಂಡನ್‌ನ ಸರ್ಜನ್ ಫರ್ಲಾಂಗ್ ಅಂಥ ಲೇಪನವಿರುವ ಸೊಂಟದ ಕೀಲನ್ನು ರೋಗಿಗೆ ಹಾಕಿದ ಕಾಲದಿಂದ ಅದರ ಅನುಭವ ಬೆಳೆದಿದೆ. ಗಾಜಿನ ಲೇಪನ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ಕೆಲಸ. ಅದಕ್ಕೆ ಮುಖ್ಯ ಕಾರಣ ಮುಂದಿನ ಲೆಕ್ಕದಲ್ಲಿದೆ.

ಎಲ್ಲವನ್ನೂ ತೀರ್ಮಾನಿಸುವ ಲೆಕ್ಕ

ಬಿಸಿ ಮಾಡಿದರೆ ಹೆಚ್ಚುಕಡಿಮೆ ಎಲ್ಲ ವಸ್ತುವೂ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಎಷ್ಟು ಅನ್ನುವುದು ಬೇರೆ ಬೇರೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅಂತ ಲೆಕ್ಕ ಹಾಕಿದರೆ, 45ಎಸ್5 ಗಾಜಿಗೆ ಸುಮಾರು 15. ಟೈಟಾನಿಯಂ ಮತ್ತು ಅದರ ಅಲ್ಯುಮಿನಿಯಂ-ವನೇಡಿಯಂ ಮಿಶ್ರಲೋಹಕ್ಕೆ ಸುಮಾರು 9. ಕೋಬಾಲ್ಟ್-ಕ್ರೋಮಿಯಂಗೆ 14ರ ಹತ್ತಿರ. 316ಎಲ್ ಸ್ಟೇನ್‌ಲೆಸ್ ಸ್ಟೀಲ್‌ಗೆ 16ರಿಂದ 17.

ಗಾಜನ್ನು ಟೈಟಾನಿಯಂ ಮೇಲೆ ಕರಗಿಸಿ ತಣ್ಣಗೆ ಬಿಟ್ಟರೆ ಏನಾಗುತ್ತದೆ? ಸುಮಾರು 550 ಡಿಗ್ರಿಗಿಂತ ಮೇಲೆ ಗಾಜು ಮೆತ್ತಗಿರುತ್ತದೆ, ಎಳೆತ ಉಳಿಯುವುದಿಲ್ಲ. ಅದರ ಕೆಳಗೆ ಅದು ಗಟ್ಟಿಯಾಗಿ ಲೋಹಕ್ಕಿಂತ ಜಾಸ್ತಿ ಕುಗ್ಗತೊಡಗುತ್ತದೆ. ಒಗೆದ ಮೇಲೆ ಕುಗ್ಗಿದ ಅಂಗಿ ಮೈಮೇಲೆ ಬಿಗಿಯಾದ ಹಾಗೆ, ಲೇಪನ ಲೋಹದ ಮೇಲೆ ಎಳೆದುಕೊಂಡು ನಿಲ್ಲುತ್ತದೆ. ಲೆಕ್ಕ ಹಾಕೋಣ. ವ್ಯತ್ಯಾಸ 6, ತಾಪ ಇಳಿದದ್ದು 500 ಡಿಗ್ರಿ. ಅಂದರೆ 0.3% ಎಳೆತ. ಗಾಜಿನ ಯಂಗ್ಸ್ ಮಾಡ್ಯುಲಸ್ (ಎಳೆದರೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಸುಮಾರು 35 ಗಿಗಾಪಾಸ್ಕಲ್. ಎರಡೂ ದಿಕ್ಕಿನ ಎಳೆತವನ್ನು ಸೇರಿಸಿದರೆ 140 ಮೆಗಾಪಾಸ್ಕಲ್ ಆಸುಪಾಸು ಬರುತ್ತದೆ. ಗಾಜು ತಾಳುವುದು 42. ಬಿರುಕು ಬಿಡದೆ ಏನು ಮಾಡೀತು?

ಹಾಗಾದರೆ ಟೈಟಾನಿಯಂ ಮೇಲೆ 45ಎಸ್5 ಆಗುವುದೇ ಇಲ್ಲವಾ? ಆಗುತ್ತದೆ, ತೆಳ್ಳಗಿದ್ದರೆ. ಬಿರುಕು ಹರಿಯಬೇಕಾದರೆ ಬರೀ ಎಳೆತ ಇದ್ದರೆ ಸಾಲದು, ಹರಿಯಲು ಬೇಕಾದ ಶಕ್ತಿಯೂ ಲೇಪನದಲ್ಲಿ ಕೂಡಿರಬೇಕು. ಆ ಶಕ್ತಿ ದಪ್ಪದ ಜೊತೆ ಏರುತ್ತದೆ. 140 ಮೆಗಾಪಾಸ್ಕಲ್ ಎಳೆತವಿರುವ 100 ಮೈಕ್ರಾನ್ ಲೇಪನದಲ್ಲಿ ಚದರ ಮೀಟರ್‌ಗೆ ಸುಮಾರು 56 ಜೂಲ್ ಕೂಡಿರುತ್ತದೆ. ಗಾಜು ಸೀಳಲು ಬೇಕಾದದ್ದು 10 ಜೂಲ್ ಆಸುಪಾಸು. ಸೀಳುತ್ತದೆ. ಅದೇ ಗಾಜನ್ನು 300 ಡಿಗ್ರಿಯಲ್ಲಿ 1 ಮೈಕ್ರಾನ್ ದಪ್ಪ ಕೂರಿಸಿದರೆ ಎಳೆತ ಸುಮಾರು 80 ಮೆಗಾಪಾಸ್ಕಲ್‌ಗೆ ಇಳಿಯುತ್ತದೆ, ಕೂಡಿದ ಶಕ್ತಿ 0.2 ಜೂಲ್‌ಗೆ ಇಳಿಯುತ್ತದೆ. ಪುಸ್ತಕದಲ್ಲಿ ಕೊಟ್ಟ 42ರ ಬಲಕ್ಕಿಂತ ಎಳೆತ ಹೆಚ್ಚುಕಡಿಮೆ ಎರಡರಷ್ಟಿದ್ದರೂ ಆ ಪದರ ಬಿರುಕಿಲ್ಲದೆ ಕೂರುತ್ತದೆ.

ಇದು ಒರಟು ಲೆಕ್ಕ. ಬಿರುಕಿನ ಆಕಾರಕ್ಕೆ ತಕ್ಕ ಗುಣಕ ಸೇರಿಸಬೇಕು, ಪದರದೊಳಗೆ ಮೊದಲೇ ಹುಟ್ಟುವ ಒತ್ತಡವನ್ನೂ ಸೇರಿಸಬೇಕು. ಆದರೂ ಇದರಿಂದ ಬರುವ ಗೆರೆ ಗಟ್ಟಿಯಾದದ್ದು. ಟೈಟಾನಿಯಂ ಮೇಲೆ ಶುದ್ಧ 45ಎಸ್5 ಬೇಕೆಂದರೆ ಕೆಲವು ಮೈಕ್ರಾನ್ ಒಳಗೆ ಇರಿ. ಹತ್ತು ದಾಟಬೇಕಾದರೆ ಗಾಜನ್ನು ಬದಲಿಸಿ. ಇಲ್ಲವೇ ಲೋಹವನ್ನು ಬದಲಿಸಿ.

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಲೋಹವೇ ಗಾಜಿಗಿಂತ ಸ್ವಲ್ಪ ಜಾಸ್ತಿ ಕುಗ್ಗುತ್ತದೆ, ಗಾಜು ಒತ್ತಡದಲ್ಲಿ ಉಳಿಯುತ್ತದೆ. ಗಾಜಿಗೆ ಒತ್ತಡ ಅಂದರೆ ಕ್ಷೇಮ. ಕೋಬಾಲ್ಟ್-ಕ್ರೋಮಿಯಂ ಮೇಲೂ ಎಳೆತ 25 ಮೆಗಾಪಾಸ್ಕಲ್ ಒಳಗೇ ನಿಲ್ಲುತ್ತದೆ. ಎಲ್ಲರೂ ಟೈಟಾನಿಯಂ ಹಿಂದೆ ಹೋಗುವುದರಿಂದ ಈ ಎರಡು ಲೋಹಗಳ ಅನುಕೂಲ ಕಣ್ಣಿಗೆ ಬೀಳುವುದಿಲ್ಲ.

ಗಾಜನ್ನೇ ಬದಲಿಸುವ ದಾರಿಯನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಟಾಮ್ಸಿಯಾ ಅವರ ತಂಡ ಚೆನ್ನಾಗಿ ಹಿಡಿದಿದೆ. ಸಿಲಿಕಾ ಏರಿಸಿ, ಸೋಡಿಯಂ ಜಾಗದಲ್ಲಿ ಸ್ವಲ್ಪ ಪೊಟ್ಯಾಸಿಯಂ, ಕ್ಯಾಲ್ಸಿಯಂ ಜಾಗದಲ್ಲಿ ಸ್ವಲ್ಪ ಮೆಗ್ನೀಸಿಯಂ ಹಾಕಿ, ಹಿಗ್ಗುವ ದರವನ್ನು 11ರ ಹತ್ತಿರಕ್ಕೆ ಇಳಿಸಿದರು. 6ಪಿ57 ಅನ್ನುವ ಗಾಜಿನಲ್ಲಿ ಸಿಲಿಕಾ 56.5%. ಟೈಟಾನಿಯಂಗೆ ಅಂಟುತ್ತದೆ, ಬಿರುಕಿಲ್ಲ. ಆದರೆ 60ರ ಗೆರೆಗೆ ಹತ್ತಿರವಾದದ್ದರಿಂದ ಅಪಟೈಟ್ ಕಟ್ಟುವುದು 45ಎಸ್5ಗಿಂತ ತುಂಬಾ ನಿಧಾನ. ಲೋಹಕ್ಕೆ ಹೊಂದುವ ಗಾಜು ಮೂಳೆಗೆ ನಿಧಾನ, ಮೂಳೆಗೆ ಚುರುಕಾದ ಗಾಜು ಲೋಹಕ್ಕೆ ಹೊಂದುವುದಿಲ್ಲ. ಈ ಕ್ಷೇತ್ರದ ಕಷ್ಟವೆಲ್ಲ ಇಲ್ಲೇ ಇದೆ.

ಪಲ್ಸ್ಡ್ ಲೇಸರ್ ಡೆಪೊಸಿಷನ್: ತೆಳು ಪದರದ ದಾರಿ

ಪಿಎಲ್‌ಡಿಯಲ್ಲಿ ಗಾಜಿನ ಬಿಲ್ಲೆಯೊಂದನ್ನು ವ್ಯಾಕ್ಯೂಮ್ ಚೇಂಬರ್ ಒಳಗೆ ಇಡುತ್ತಾರೆ. ಇದಕ್ಕೆ ಟಾರ್ಗೆಟ್ ಅನ್ನುತ್ತಾರೆ. ಕೆಲವು ನ್ಯಾನೋಸೆಕೆಂಡ್ ಮಾತ್ರ ಉಳಿಯುವ ಲೇಸರ್ ಮಿಂಚು ಅದಕ್ಕೆ ಬಡಿಯುತ್ತದೆ. ಚದರ ಸೆಂಟಿಮೀಟರ್‌ಗೆ ಕೆಲವು ಜೂಲ್ ಶಕ್ತಿ. ಆ ಜಾಗ ಆವಿಯಾಗಿ, ಪ್ಲಾಸ್ಮಾ ಆಗಿ, ಗರಿಯ ಆಕಾರದಲ್ಲಿ ಮುಂದೆ ಚಿಮ್ಮುತ್ತದೆ. ಎದುರಿಗೆ ಕೆಲವು ಸೆಂಟಿಮೀಟರ್ ದೂರದಲ್ಲಿ ಇಟ್ಟ ಇಂಪ್ಲಾಂಟ್ ಮೇಲೆ ಹೋಗಿ ಕೂರುತ್ತದೆ. 1987ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿ ಭಾರತ ಮೂಲದ ಟಿ. ವೆಂಕಟೇಶನ್ ಮತ್ತು ಜೊತೆಗಾರರು ಸೂಪರ್‌ಕಂಡಕ್ಟರ್ ಪದರಗಳನ್ನು ಹೀಗೆ ಮಾಡಿ ತೋರಿಸಿದ ಮೇಲೆ ಈ ವಿಧಾನ ಜಗತ್ತಿಗೆಲ್ಲ ಹರಡಿತು. ನಾಲ್ಕೈದು ಧಾತುಗಳಿರುವ ವಸ್ತುವಿನ ಪ್ರಮಾಣ ಬಹುಮಟ್ಟಿಗೆ ಕೆಡದೆ ದಾಟುತ್ತದೆ ಅನ್ನುವುದೇ ಇದರ ದೊಡ್ಡ ಶಕ್ತಿ. ಬಯೋಗ್ಲಾಸ್‌ಗೆ ಬೇಕಾದದ್ದೂ ಅದೇ.

ಗಾಜಿನ ವಿಷಯದಲ್ಲಿ ಪಿಎಲ್‌ಡಿಗೆ ಇನ್ನೊಂದು ಅನುಕೂಲವಿದೆ. ಹೈಡ್ರಾಕ್ಸಿಅಪಟೈಟ್ ಪದರ ಹರಳುಗಟ್ಟಬೇಕು, ಇಲ್ಲದಿದ್ದರೆ ಬೇಗ ಕರಗುತ್ತದೆ. ಅದಕ್ಕೆ ಇಂಪ್ಲಾಂಟನ್ನು 400ರಿಂದ 600 ಡಿಗ್ರಿಗೆ ಕಾಯಿಸಬೇಕು, ನೀರಾವಿ ಬಿಡಬೇಕು. ಬಯೋಗ್ಲಾಸ್ ಹರಳುಗಟ್ಟಬಾರದು. ತಣ್ಣನೆಯ ಲೋಹದ ಮೇಲೆ ಕೂತ ಪದರ ತಾನಾಗಿಯೇ ಹರಳಿಲ್ಲದೆ ಇರುತ್ತದೆ. ಅಂಟು ಚೆನ್ನಾಗಿರಲಿ ಅಂತ 200ರಿಂದ 400 ಡಿಗ್ರಿ ಕೊಟ್ಟರೆ ಸಾಕಾಗುತ್ತದೆ. ಟೈಟಾನಿಯಂಗೆ ಈ ತಾಪದಿಂದ ಏನೂ ಆಗುವುದಿಲ್ಲ.

ಲೇಸರ್ ಆರಿಸುವಾಗ ತರಂಗಾಂತರ ನೋಡಿ. 1064 ನ್ಯಾನೋಮೀಟರ್ ಬೆಳಕು ಗಾಜಿನೊಳಗೆ ಸುಮ್ನೆ ಹಾದುಹೋಗುತ್ತದೆ. ಟಾರ್ಗೆಟ್ ಆವಿಯಾಗುವ ಬದಲು ಒಡೆದು ಚೂರು ಹಾರುತ್ತದೆ. ಆ ಚೂರುಗಳು, ಹನಿಗಳು ಪದರದ ಮೇಲೆ ಕೂತು ಮೇಲ್ಮೈ ಕೆಡಿಸುತ್ತವೆ. ಆದ್ದರಿಂದ 248 ನ್ಯಾನೋಮೀಟರ್‌ನ ಕ್ರಿಪ್ಟಾನ್ ಫ್ಲೋರೈಡ್ ಅಥವಾ 193 ನ್ಯಾನೋಮೀಟರ್‌ನ ಆರ್ಗಾನ್ ಫ್ಲೋರೈಡ್ ಎಕ್ಸೈಮರ್ ಲೇಸರ್ ಒಳ್ಳೆಯದು. ಅದು ಸಿಗದಿದ್ದರೆ ಎನ್‌ಡಿ-ಯಾಗ್ ಲೇಸರ್‌ನ 266 ಅಥವಾ 355 ತರಂಗ ಬಳಸಿ. ಟಾರ್ಗೆಟ್ ಗಟ್ಟಿಯಾಗಿ, ತೂತಿಲ್ಲದೆ ಇರಬೇಕು. ಪುಡಿ ಒತ್ತಿ ಕಾಯಿಸುವಾಗ ಟಾರ್ಗೆಟ್ ಸ್ವಲ್ಪ ಹರಳುಗಟ್ಟಿದರೆ ಹೆದರಬೇಡಿ. ಅದು ಹೇಗೂ ಆವಿಯಾಗುತ್ತದೆ. ಸಡಿಲವಾಗಿದ್ದರೆ ಮಾತ್ರ ಹನಿಗಳ ಕಾಟ ಜಾಸ್ತಿ.

ಸೋಡಿಯಂ ಮೇಲೆ ಒಂದು ಕಣ್ಣಿರಲಿ. ಅದು ಹಗುರ, ಬೇಗ ಆವಿಯಾಗುವ ಧಾತು. ಚೇಂಬರ್‌ನಲ್ಲಿ ಎಷ್ಟು ಅನಿಲ ಇದೆ, ಇಂಪ್ಲಾಂಟ್ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ಪದರದ ಸೋಡಿಯಂ ಏರುಪೇರಾಗುತ್ತದೆ. "ಪಿಎಲ್‌ಡಿ ಪ್ರಮಾಣ ಕಾಯುತ್ತದೆ" ಅನ್ನುವ ಮಾತನ್ನು ನಂಬಿ ಕೂರದೆ ಅಳೆದು ನೋಡಿ.

ಈಗ ಕೊರತೆಗಳು. ಮೊದಲನೆಯದು ವೇಗ. ಒಂದು ಪಲ್ಸ್‌ಗೆ 0.05 ನ್ಯಾನೋಮೀಟರ್ ಕೂರುತ್ತದೆ ಅಂತ ಇಟ್ಟುಕೊಳ್ಳಿ. 1 ಮೈಕ್ರಾನ್‌ಗೆ 20,000 ಪಲ್ಸ್ ಬೇಕು. ಸೆಕೆಂಡಿಗೆ 10 ಪಲ್ಸ್ ಆದರೆ ಅರ್ಧ ಗಂಟೆ ದಾಟುತ್ತದೆ. ಇದು ಪರವಾಗಿಲ್ಲ. ಆದರೆ 100 ಮೈಕ್ರಾನ್ ಬೇಕೆಂದರೆ ಎರಡು ದಿನಕ್ಕೂ ಜಾಸ್ತಿ ಯಂತ್ರ ನಿಲ್ಲದೆ ಓಡಬೇಕು. ಎರಡನೆಯದು ವಿಸ್ತೀರ್ಣ. ಗರಿ ಕಿರಿದು, ಸಮನಾಗಿ ಕೂರುವುದು ಕೆಲವೇ ಚದರ ಸೆಂಟಿಮೀಟರ್. ಮೂರನೆಯದು ನೆರಳು. ಆವಿ ನೇರ ಹೋಗುತ್ತದೆ, ಮೂಲೆ ತಿರುಗುವುದಿಲ್ಲ. ಸ್ಕ್ರೂ ಆದರೆ ತಿರುಗಿಸುತ್ತ ಕೂರಿಸಬಹುದು, ಆಗಲೂ ಮರೆಯ ಎಳೆಯ ಬದಿಯಲ್ಲಿ ಪದರ ತೆಳ್ಳಗಿರುತ್ತದೆ. ಒಳಗೆ ತೂತುಗಳಿರುವ ಮೇಲ್ಮೈಗೆ ಇದು ಸರಿಹೊಂದುವುದಿಲ್ಲ.

ಇನ್ನೂ ಒಂದು ಪ್ರಶ್ನೆ ಬರುತ್ತದೆ. 1 ಮೈಕ್ರಾನ್ ಗಾಜು ಮೈಯೊಳಗೆ ಎಷ್ಟು ದಿನ ಉಳಿಯುತ್ತದೆ? ಜಾಸ್ತಿ ದಿನ ಉಳಿಯುವುದಿಲ್ಲ. ಅಷ್ಟು ಪದರ ಪೂರ್ತಿ ಅಪಟೈಟ್ ಆಗಿ ಬದಲಾಗುತ್ತದೆ, ಇಲ್ಲವೇ ಕರಗಿಹೋಗುತ್ತದೆ. ನನ್ನ ಮಟ್ಟಿಗೆ ಇದು ದೋಷವಲ್ಲ. ಪದರದ ಕೆಲಸ ಮೂಳೆ ಬೇಗ ಹತ್ತಿರ ಬರುವ ಹಾಗೆ ಮಾಡುವುದು. ಕೆಲಸ ಮುಗಿದ ಮೇಲೆ ಕೆಳಗಿನ ಒರಟು ಟೈಟಾನಿಯಂ ಮೂಳೆಯನ್ನು ಹಿಡಿದುಕೊಳ್ಳುತ್ತದೆ. ದಪ್ಪ ಪದರ ವರ್ಷಗಳ ಮೇಲೆ ಕಿತ್ತುಬರುವ ಭಯ ಇಲ್ಲಿಲ್ಲ.

ಲೇಸರ್ ಕ್ಲ್ಯಾಡಿಂಗ್: ದಪ್ಪ ಪದರದ ದಾರಿ

ಕ್ಲ್ಯಾಡಿಂಗ್‌ನಲ್ಲಿ ಗಾಜಿನ ಪುಡಿಯನ್ನು ಲೋಹದ ಮೇಲೆ ಮೊದಲೇ ಹರಡುತ್ತಾರೆ, ಇಲ್ಲವೇ ನಾಜಲ್‌ನಿಂದ ಊದುತ್ತಾರೆ. ಲೇಸರ್ ಅದನ್ನು ಅಲ್ಲೇ ಕರಗಿಸುತ್ತ ಸಾಗುತ್ತದೆ. ಒಂದೇ ಸಾಲಿಗೆ ನೂರಾರು ಮೈಕ್ರಾನ್ ದಪ್ಪ ಬರುತ್ತದೆ. ವ್ಯಾಕ್ಯೂಮ್ ಬೇಡ, ಆರ್ಗಾನ್ ಹೊದಿಕೆ ಸಾಕು. ರೋಬೋಟ್ ತೋಳಿಗೆ ಕಟ್ಟಿದರೆ ವಕ್ರ ಮೇಲ್ಮೈ ಮೇಲೂ ಹೋಗುತ್ತದೆ, ಬೇಕಾದ ಜಾಗಕ್ಕೆ ಮಾತ್ರ ಹಾಕಬಹುದು. ಕೇಳಲು ತುಂಬಾ ಚೆನ್ನಾಗಿದೆ.

ತೊಂದರೆ ಎಲ್ಲ ಆ ಕರಗುವ ಕ್ಷಣದಲ್ಲಿದೆ. ಗಾಜು ಹರಿಯಬೇಕಾದರೆ ಸಾವಿರ ಡಿಗ್ರಿ ದಾಟಬೇಕು. ಆಗ ಸೋಡಿಯಂ ಹಾರಿಹೋಗುತ್ತದೆ. ಟೈಟಾನಿಯಂ ಗಾಜಿನ ಸಿಲಿಕಾವನ್ನು ಕಿತ್ತುಕೊಂಡು ಟೈಟಾನಿಯಂ ಸಿಲಿಸೈಡ್ ಆಗುತ್ತದೆ. ಅದು ಪೆಡಸು ಪದರ, ಜೊತೆಗೆ ಗುಳ್ಳೆಗಳು. ತಣ್ಣಗಾಗುವಾಗ 45ಎಸ್5 ಸುಮಾರು 600 ಡಿಗ್ರಿಯಿಂದ ಮೇಲಿನ ವಲಯವನ್ನು ದಾಟಿ ಬರಬೇಕು, ಅಲ್ಲಿ ಅದು ಹರಳುಗಟ್ಟುತ್ತದೆ. ಲೋಹಕ್ಕೂ ಪೆಟ್ಟು ಬೀಳುತ್ತದೆ. ಇಂಪ್ಲಾಂಟ್‌ನ ಟೈಟಾನಿಯಂ ಮಿಶ್ರಲೋಹ 995 ಡಿಗ್ರಿ ಹತ್ತಿರ ತನ್ನ ಒಳರಚನೆ ಬದಲಿಸುತ್ತದೆ. ಬೇಗ ತಣ್ಣಗಾದರೆ ಗಟ್ಟಿಯಾದರೂ ಪೆಡಸಾದ ರೂಪಕ್ಕೆ ಬರುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆಯ ಭಾರ ಹೊರಬೇಕಾದ ಕೀಲಿನಲ್ಲಿ ಅಂಥ ಜಾಗ, ಅದರ ಮೇಲೆ ಬಿರುಕು ಬಿಟ್ಟ ಗಾಜು ಇದ್ದರೆ ದಣಿವಿನಿಂದ ಲೋಹವೇ ಸೀಳುವ ಅಪಾಯವಿದೆ. ಕ್ಲ್ಯಾಡಿಂಗ್ ಬಗ್ಗೆ ನನಗಿರುವ ದೊಡ್ಡ ಆತಂಕ ಇದೇ. ಲೇಪನ ಕೆಟ್ಟರೆ ಲೇಪನ ಮಾತ್ರ ಹೋಗಬೇಕು, ಇಂಪ್ಲಾಂಟ್ ಹೋಗಬಾರದು.

ಇಲ್ಲೂ ತರಂಗಾಂತರದ ಆಟವಿದೆ. 1 ಮೈಕ್ರಾನ್ ಆಸುಪಾಸಿನ ಫೈಬರ್ ಲೇಸರ್ ಬೆಳಕು ಗಾಜನ್ನು ಹಾದು ಲೋಹವನ್ನು ಕಾಯಿಸುತ್ತದೆ, ಗಾಜು ಕೆಳಗಿನಿಂದ ಕರಗುತ್ತದೆ. ಅಂಟು ಚೆನ್ನಾಗಿ ಬರುತ್ತದೆ, ಆದರೆ ಟೈಟಾನಿಯಂ ಜೊತೆಗಿನ ರಾಸಾಯನಿಕ ಕ್ರಿಯೆಯೂ ಜಾಸ್ತಿ. 10.6 ಮೈಕ್ರಾನ್‌ನ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಗಾಜೇ ಹೀರಿಕೊಳ್ಳುತ್ತದೆ, ಲೋಹಕ್ಕೆ ಬಿಸಿ ಕಡಿಮೆ. ತೆಳ್ಳಗೆ ಪುಡಿ ಹರಡಿ ಮೇಲಿನಿಂದ ಕರಗಿಸುವುದಾದರೆ ಇದು ಒಳ್ಳೆಯದು.

ಸ್ಪೇನ್‌ನ ವೀಗೋ ವಿಶ್ವವಿದ್ಯಾಲಯದಲ್ಲಿ ಪಿಎಲ್‌ಡಿ, ಕ್ಲ್ಯಾಡಿಂಗ್ ಎರಡರಿಂದಲೂ ಬಯೋಗ್ಲಾಸ್ ಲೇಪನ ಮಾಡಿದ್ದಾರೆ. ಅಲ್ಲಿನವರ ಕೆಲಸ ಓದಿದರೆ ಎರಡರ ಸ್ವಭಾವ ಪಕ್ಕಪಕ್ಕದಲ್ಲಿ ಗೊತ್ತಾಗುತ್ತದೆ. ಕ್ಲ್ಯಾಡಿಂಗ್‌ಗೆ ಅವರು 45ಎಸ್5 ಜೊತೆಗೆ ಪೊಟ್ಯಾಸಿಯಂ ಸೇರಿದ ಎಸ್520 ಗಾಜನ್ನೂ ತೆಗೆದುಕೊಂಡರು. ಅದು ಅಷ್ಟು ಸುಲಭವಾಗಿ ಹರಳುಗಟ್ಟುವುದಿಲ್ಲ. ಕ್ಲ್ಯಾಡಿಂಗ್ ಮಾಡುವವರು ಕಲಿಯಬೇಕಾದದ್ದು ಇದನ್ನೇ. ಹೆಸರುವಾಸಿ ಗಾಜಿಗಿಂತ ಕರಗಿದ ಮೇಲೂ ಗಾಜಾಗಿಯೇ ಉಳಿಯುವ ಗಾಜು ಮುಖ್ಯ. 13-93 ಅನ್ನುವ ಗಾಜು ಕೂಡ ಈ ಗುಂಪಿನದೇ.

ಹರಳುಗಟ್ಟಿದರೆ ಎಲ್ಲ ಹಾಳು ಅಂತಲೂ ಅಲ್ಲ. 45ಎಸ್5 ಹರಳುಗಟ್ಟಿದರೂ ಅಪಟೈಟ್ ಕಟ್ಟುತ್ತದೆ, ನಿಧಾನವಾಗಿ ಅಷ್ಟೇ. ಅರ್ಧ ಹರಳು ಅರ್ಧ ಗಾಜು ಇರುವ ಪದರದಲ್ಲಿ ಮಾತ್ರ ಗಾಜಿನ ಭಾಗ ಮೊದಲು ಕರಗಿ, ಹರಳುಗಳು ಸಡಿಲವಾಗಿ ಉದುರಬಹುದು.

ಮೇಪಲ್, ಮತ್ತು ಲೇಸರ್ ಇಲ್ಲದ ದಾರಿಗಳು

ಮೇಪಲ್ ವಿಧಾನ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ಗಾಜಿನ ಪುಡಿ ಮತ್ತು ಪಾಲಿಮರನ್ನು ದ್ರಾವಕದಲ್ಲಿ ಬೆರೆಸಿ, ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿ, ಅದನ್ನೇ ಟಾರ್ಗೆಟ್ ಮಾಡುತ್ತಾರೆ. ಕಡಿಮೆ ಶಕ್ತಿಯ ಲೇಸರ್ ದ್ರಾವಕವನ್ನು ಹಾರಿಸುತ್ತದೆ, ಉಳಿದದ್ದು ಮೆತ್ತಗೆ ಹೋಗಿ ಕೂರುತ್ತದೆ. ರೊಮೇನಿಯಾದ ಸಂಶೋಧಕರು ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಅಕ್ರಿಲಿಕ್ ಪಾಲಿಮರ್ ಮತ್ತು ಬಯೋಗ್ಲಾಸ್ ಬೆರೆಸಿದ ಪದರಗಳನ್ನು ಹೀಗೆ ಮಾಡಿದ್ದಾರೆ. ಔಷಧಿ, ಪ್ರೋಟೀನ್, ಪಾಲಿಮರ್ ಹೀಗೆ ಬಿಸಿ ತಾಳದ್ದು ಏನಾದರೂ ಗಾಜಿನ ಜೊತೆ ಸೇರಬೇಕಿದ್ದರೆ ಮೇಪಲ್ ನೋಡಿ. ಬರೀ ಗಾಜು ಸಾಕಾದರೆ ಇದರ ಗೋಜು ಬೇಡ.

ಲೇಸರ್ ಇಲ್ಲದೆಯೂ ದಾರಿಗಳಿವೆ, ಅವನ್ನು ಪಕ್ಕಕ್ಕಿಟ್ಟು ಹೋಲಿಕೆ ಮಾಡಿದರೆ ನ್ಯಾಯವಾಗುವುದಿಲ್ಲ. ಪ್ಲಾಸ್ಮಾ ಸ್ಪ್ರೇ ಕಾರ್ಖಾನೆಯಲ್ಲಿ ಪಳಗಿದ ವಿಧಾನ, ದೊಡ್ಡ ಇಂಪ್ಲಾಂಟ್‌ಗೆ ನಿಮಿಷಗಳ ಕೆಲಸ. ಅಲ್ಲೂ ಗಾಜಿನ ಸೋಡಿಯಂ ಹಾರುತ್ತದೆ, ಪದರದಲ್ಲಿ ತೂತು ಉಳಿಯುತ್ತದೆ. ಎನಾಮೆಲ್ ವಿಧಾನದಲ್ಲಿ ಗಾಜಿನ ಪುಡಿ ಬಳಿದು ಫರ್ನೇಸ್‌ನಲ್ಲಿ ಬೇಯಿಸುತ್ತಾರೆ, ಬರ್ಕ್ಲಿಯವರ ಗಾಜುಗಳು ಹುಟ್ಟಿದ್ದು ಇದಕ್ಕಾಗಿಯೇ. ಎಲೆಕ್ಟ್ರೋಫೊರೆಟಿಕ್ ವಿಧಾನದಲ್ಲಿ ಗಾಜಿನ ಕಣಗಳನ್ನು ದ್ರವದಲ್ಲಿ ತೇಲಿಸಿ ಕೆಲವು ಹತ್ತು ವೋಲ್ಟ್‌ನಲ್ಲಿ ಲೋಹದ ಮೇಲೆ ಕೂರಿಸುತ್ತಾರೆ. ಖರ್ಚು ಕಡಿಮೆ. ತೂತು, ಎಳೆ, ಮೂಲೆ ಎಲ್ಲದರೊಳಗೂ ಹೋಗುತ್ತದೆ. ಕೈಟೋಸಾನ್‌ನಂಥ ಪಾಲಿಮರ್ ಸೇರಿಸಿದರೆ ಬೇಯಿಸುವ ಅಗತ್ಯವೂ ಇಲ್ಲ. ಜರ್ಮನಿಯ ಎರ್ಲಾಂಗನ್‌ನಲ್ಲಿ ಬೊಕ್ಕಚಿನಿ ಅವರ ತಂಡ ಇದರಲ್ಲಿ ತುಂಬಾ ಕೆಲಸ ಮಾಡಿದೆ. ಕಡಿಮೆ ಬಜೆಟ್‌ನ ಕಾಲೇಜು ಪ್ರಯೋಗಾಲಯ ನನ್ನನ್ನು ಕೇಳಿದರೆ ಲೇಸರ್‌ಗಿಂತ ಮೊದಲು ಇದನ್ನೇ ಮಾಡಿ ಅನ್ನುತ್ತೇನೆ.

ಯಾವ ಇಂಪ್ಲಾಂಟ್‌ಗೆ ಯಾವುದು

ಹಲ್ಲಿನ ಇಂಪ್ಲಾಂಟ್‌ಗೆ ನನ್ನ ಆಯ್ಕೆ ಪಿಎಲ್‌ಡಿ. ಸ್ಕ್ರೂ ಚಿಕ್ಕದು, 4 ಮಿಲಿಮೀಟರ್ ಆಸುಪಾಸು ಅಗಲ, 10 ಮಿಲಿಮೀಟರ್ ಆಸುಪಾಸು ಉದ್ದ. ಗರಿಯೊಳಗೆ ಪೂರ್ತಿ ಹಿಡಿಸುತ್ತದೆ. ಈಗಿನ ಹಲ್ಲಿನ ಇಂಪ್ಲಾಂಟ್‌ಗಳ ಮೇಲ್ಮೈಯನ್ನು ಮರಳು ಊದಿ, ಆಸಿಡ್‌ನಲ್ಲಿ ತಿನ್ನಿಸಿ ಬೇಕೆಂದೇ ಒರಟು ಮಾಡಿರುತ್ತಾರೆ. 1 ಮೈಕ್ರಾನ್ ಒಳಗಿನ ಪದರ ಆ ಒರಟನ್ನು ಮುಚ್ಚಿಹಾಕುವುದಿಲ್ಲ. 1980 ಮತ್ತು 90ರ ದಶಕದಲ್ಲಿ ದಪ್ಪ ಹೈಡ್ರಾಕ್ಸಿಅಪಟೈಟ್ ಲೇಪನದ ಹಲ್ಲಿನ ಇಂಪ್ಲಾಂಟ್‌ಗಳಲ್ಲಿ ಪದರ ಕಿತ್ತುಬರುವ ದೂರುಗಳಿದ್ದವು. ಹಾಗಾಗಿ ಇಲ್ಲಿ ದಪ್ಪದ ಕಡೆ ಹೋಗಲೇಬಾರದು. ಜೊತೆಗೆ ಒಂದು ಮಾತು: ಇಲ್ಲಿ ನಿಮ್ಮ ನಿಜವಾದ ಎದುರಾಳಿ ಬೇರೆ ಲೇಪನವಲ್ಲ, ಲೇಪನವೇ ಇಲ್ಲದ ಒರಟು ಟೈಟಾನಿಯಂ. ಅದು ಈಗಲೇ ಚೆನ್ನಾಗಿ ಕೂರುತ್ತದೆ. ನಿಮ್ಮ ಪ್ರಯೋಗದಲ್ಲಿ ಅದನ್ನು ಹೋಲಿಕೆಗೆ ಇಡದಿದ್ದರೆ ಫಲಿತಾಂಶಕ್ಕೆ ಬೆಲೆ ಇಲ್ಲ.

ಸಿಮೆಂಟ್ ಇಲ್ಲದೆ ಹೊಡೆದು ಕೂರಿಸುವ ಸೊಂಟದ ಕೀಲಿನ ಟೈಟಾನಿಯಂ ಕಾಂಡಕ್ಕೆ ಪ್ಲಾಸ್ಮಾ ಸ್ಪ್ರೇ ಹೈಡ್ರಾಕ್ಸಿಅಪಟೈಟನ್ನು ಬದಲಿಸುವ ಕಾರಣ ಸದ್ಯ ನನಗೆ ಕಾಣುವುದಿಲ್ಲ. ಪಿಎಲ್‌ಡಿಗೆ ಅದು ದೊಡ್ಡದು, ಕ್ಲ್ಯಾಡಿಂಗ್‌ನಲ್ಲಿ ಲೋಹದ ದಣಿವಿನ ಅಪಾಯ. ದಪ್ಪ ಗಾಜೇ ಬೇಕೆಂದರೆ ಹಿಗ್ಗುವ ದರ ಕಡಿಮೆ ಇರುವ ಗಾಜು, ಅದೂ ಭಾರ ಕಡಿಮೆ ಬೀಳುವ ಜಾಗಕ್ಕೆ ಮಾತ್ರ.

ಮುರಿದ ಮೂಳೆಗೆ ಹಾಕುವ ಪ್ಲೇಟ್, ಸ್ಕ್ರೂ ನಮ್ಮಲ್ಲಿ ಇನ್ನೂ ಬಹಳಷ್ಟು 316ಎಲ್ ಸ್ಟೀಲ್‌ನವೇ. ಗಾಜಿಗೆ ಈ ಸ್ಟೀಲ್ ಹೊಂದುತ್ತದೆ ಅಂತ ಮೇಲೆ ಹೇಳಿದೆ. ಆದರೆ ಆ ಪ್ಲೇಟನ್ನು ಎಷ್ಟೋ ಸಲ ಮೂಳೆ ಕೂಡಿದ ಮೇಲೆ ತೆಗೆಯಬೇಕು. ಮೂಳೆ ಅದಕ್ಕೆ ಬೆಸೆದುಕೊಂಡಿದ್ದರೆ ತೆಗೆಯುವ ಸರ್ಜನ್‌ಗೂ ಕಷ್ಟ, ರೋಗಿಗೂ ಕಷ್ಟ. ಇಲ್ಲಿ ಲೇಪನವೇ ಬೇಡ ಅನ್ನುವುದು ಸರಿಯಾದ ಉತ್ತರ. ಚರ್ಮದ ಹೊರಗಿನ ಫ್ರೇಮಿಗೆ ಕಟ್ಟುವ ಪಿನ್‌ಗಳ ವಿಷಯ ಬೇರೆ. ಅವು ಸಡಿಲವಾಗುವುದೇ ದೊಡ್ಡ ಕಾಟ. ತೆಳು ಪದರ ಅಲ್ಲಿ ಉಪಯೋಗಕ್ಕೆ ಬರಬಹುದು, ಬೆಳ್ಳಿ ಅಥವಾ ತಾಮ್ರ ಬೆರೆಸಿದ ಗಾಜಾದರೆ ಸೋಂಕಿಗೂ ತಡೆ. ಇಂಥ ಬೆರಕೆ ಗಾಜನ್ನು ಪಿಎಲ್‌ಡಿಯಲ್ಲಿ ಕೂರಿಸುವುದು ಸುಲಭ, ಟಾರ್ಗೆಟ್ ಬದಲಿಸಿದರೆ ಆಯಿತು.

ಕೂರಿಸಿದ ಮೇಲೆ ಅಳೆಯಿರಿ

ಮೇಲಿನ ಯಾವ ದಾರಿ ಹಿಡಿದರೂ ಒಂದು ಮಾತು ಬಿಡಬೇಡಿ. ನೀವು ತಂದ ಗಾಜಿನ ಗುಣವನ್ನು ಪದರದ ಗುಣ ಅಂತ ಬರೆಯಬೇಡಿ. ಲೇಸರ್ ದಾಟಿ ಬಂದ ಮೇಲೆ ಅದು ಬೇರೆ ಗಾಜು ಆಗಿರಬಹುದು.

ತೆಳು ಪದರ ಅಳೆಯುವಾಗ ಮಾಮೂಲಿ ಉಪಕರಣಗಳು ದಾರಿ ತಪ್ಪಿಸುತ್ತವೆ. ಹರಳಿದೆಯಾ ಅಂತ ನೋಡಲು ಸಾಮಾನ್ಯ ಎಕ್ಸ್‌ರೇ ಡಿಫ್ರಾಕ್ಷನ್ ಮಾಡಿದರೆ ಕೆಳಗಿನ ಟೈಟಾನಿಯಂ ಗೆರೆಗಳೇ ಎದ್ದು ಕಾಣುತ್ತವೆ. ಕಿರಿದಾದ ಕೋನದಲ್ಲಿ ಕಿರಣ ಹಾಯಿಸುವ ವಿಧಾನ ಬಳಸಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಜೋಡಿಸಿದ ಇಡಿಎಸ್‌ನಲ್ಲಿ (ಯಾವ ಧಾತು ಎಷ್ಟಿದೆ ಅಂತ ಅಳೆಯುವ ಉಪಕರಣ) ಕಿರಣ ಕೆಲವು ಮೈಕ್ರಾನ್ ಆಳಕ್ಕೆ ಇಳಿಯುತ್ತದೆ, 1 ಮೈಕ್ರಾನ್ ಪದರದ ಲೆಕ್ಕದಲ್ಲಿ ಲೋಹವೂ ಸೇರಿಕೊಳ್ಳುತ್ತದೆ. ಮೇಲಾಗಿ ಕಿರಣದ ಕೆಳಗೆ ಸೋಡಿಯಂ ಸರಿದುಹೋಗುತ್ತದೆ. ಎಕ್ಸ್‌ಪಿಎಸ್‌ನಲ್ಲಿ (ಮೇಲ್ಮೈಯ ಕೆಲವು ನ್ಯಾನೋಮೀಟರ್ ಮಾತ್ರ ನೋಡುವ ಎಕ್ಸ್‌ರೇ ವಿಧಾನ) ಆಳದ ಲೆಕ್ಕ ತೆಗೆದರೆ ಲೋಹ ಸೇರಿಕೊಳ್ಳುವುದಿಲ್ಲ, ಆದರೆ ಸೋಡಿಯಂ ಅಂಕಿಯನ್ನು ಅಲ್ಲೂ ಎಚ್ಚರದಿಂದ ನೋಡಿ.

ಅಪಟೈಟ್ ಕಟ್ಟುತ್ತದಾ ಅಂತ ನೋಡಲು ಜಪಾನ್‌ನ ಕ್ಯೋಟೋದಲ್ಲಿ ಕೊಕುಬೊ ಅವರು ರೂಪಿಸಿದ, ರಕ್ತದ ದ್ರವವನ್ನು ಹೋಲುವ ಎಸ್‌ಬಿಎಫ್ ದ್ರಾವಣ ಬಳಸುತ್ತಾರೆ. 36.5 ಡಿಗ್ರಿ, ಪಿಎಚ್ 7.40. ಐಎಸ್‌ಒ 23317 ಇದರ ಮಾನದಂಡ. ದ್ರಾವಣದ ಪ್ರಮಾಣವನ್ನು ಮೇಲ್ಮೈಗೆ ತಕ್ಕ ಹಾಗೆ ಇಡಿ. ಚದರ ಮಿಲಿಮೀಟರ್‌ನಲ್ಲಿ ಅಳೆದ ಮೇಲ್ಮೈಯನ್ನು 10ರಿಂದ ಭಾಗಿಸಿದರೆ ಬೇಕಾದ ಮಿಲಿಲೀಟರ್ ಸಿಗುತ್ತದೆ. ದೊಡ್ಡ ಬೀಕರ್‌ನಲ್ಲಿ ಚಿಕ್ಕ ತುಂಡು ಮುಳುಗಿಸಿದರೆ ತೆಳು ಪದರ ಅಪಟೈಟ್ ಕಟ್ಟುವ ಮೊದಲೇ ಕರಗಿಹೋಗಬಹುದು. ಆಗ ಪದರ ಕೆಟ್ಟದ್ದು ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಅಂಟಿನ ಬಲಕ್ಕೆ ಹೈಡ್ರಾಕ್ಸಿಅಪಟೈಟ್‌ನ ಐಎಸ್‌ಒ 13779 ಮಾನದಂಡದ 15 ಮೆಗಾಪಾಸ್ಕಲ್ ಅನ್ನು ಕನಿಷ್ಠ ಗೆರೆಯಾಗಿ ಇಟ್ಟುಕೊಳ್ಳಿ. ಒಣಗಿದ್ದಾಗ ಮಾತ್ರವಲ್ಲ, ಎಸ್‌ಬಿಎಫ್‌ನಲ್ಲಿ ಕೆಲವು ವಾರ ನೆನೆಸಿದ ಮೇಲೂ ಎಳೆದು ನೋಡಿ. ಗಾಜಿನ ಪದರದ ನಿಜ ಬಣ್ಣ ಆಗ ಗೊತ್ತಾಗುತ್ತದೆ. ಎಳೆಯಲೆಂದು ಲೇಪನಕ್ಕೆ ಹಚ್ಚಿದ ಎಪಾಕ್ಸಿ ಅಂಟೇ ಬಿಟ್ಟುಬಂದರೆ ನೀವು ಅಳೆದದ್ದು ಎಪಾಕ್ಸಿಯ ಬಲ, ಲೇಪನದ್ದಲ್ಲ.

ಕೆಲಸ ಶುರು ಮಾಡುವ ಮೊದಲು

ನಮ್ಮಲ್ಲಿ ಪಿಎಲ್‌ಡಿ ಯಂತ್ರಗಳಿಗೆ ಕೊರತೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದಂತೆ ಹಲವು ಕಡೆ ಇವೆ. ಆದರೆ ಹೆಚ್ಚಿನವು ಎಲೆಕ್ಟ್ರಾನಿಕ್ಸ್ ಪದರಗಳಿಗಾಗಿ ಇಟ್ಟವು. ಸೋಡಿಯಂ ಅಂದರೆ ಸೆಮಿಕಂಡಕ್ಟರ್‌ನವರಿಗೆ ಆಗದು, ಅದು ಚೇಂಬರ್‌ನಲ್ಲಿ ಉಳಿದರೆ ಮುಂದಿನವರ ಪದರ ಕೆಡುತ್ತದೆ. ಕಾಲು ಭಾಗ ಸೋಡಿಯಂ ಆಕ್ಸೈಡ್ ಇರುವ ಟಾರ್ಗೆಟನ್ನು ಒಳಗೆ ಬಿಡುತ್ತಾರಾ ಅಂತ ಸ್ಲಾಟ್ ಬುಕ್ ಮಾಡುವ ಮೊದಲೇ ಕೇಳಿ. ಲೇಸರ್ ಕ್ಲ್ಯಾಡಿಂಗ್ ಬಗ್ಗೆ ಹೈದರಾಬಾದ್‌ನ ಎಆರ್‌ಸಿಐ (ಪುಡಿ ಲೋಹ ಮತ್ತು ಹೊಸ ವಸ್ತುಗಳ ಸಂಶೋಧನಾ ಕೇಂದ್ರ), ಬಯೋಗ್ಲಾಸ್ ಬಗ್ಗೆ ಕೋಲ್ಕತ್ತಾದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಕೇಳಿ ತಿಳಿಯಲು ಒಳ್ಳೆಯ ಜಾಗಗಳು.

ಮಾರಾಟದ ಆಸೆ ಇದ್ದರೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳನ್ನು ಮೊದಲೇ ಓದಿ. ಒಪ್ಪಿಗೆ ಪಡೆದ ಇಂಪ್ಲಾಂಟ್‌ಗೆ ಹೊಸ ಲೇಪನ ಹಾಕಿದರೆ ಹಳೆಯ ಒಪ್ಪಿಗೆಯೇ ಸಾಕಾಗುತ್ತದೆ ಅಂದುಕೊಳ್ಳಬೇಡಿ.

ಕೊನೆಯದಾಗಿ ಸ್ಟೆರಿಲೈಸ್ ಮಾಡುವ ವಿಷಯ. ಇದನ್ನು ಎಲ್ಲರೂ ಮರೆಯುತ್ತಾರೆ. ಆಟೋಕ್ಲೇವ್‌ನ 121 ಡಿಗ್ರಿ ಹಬೆ ಬಯೋಗ್ಲಾಸ್‌ಗೆ ತಾಗಿದರೆ ಮೈಯೊಳಗೆ ಆಗಬೇಕಾದ ಕ್ರಿಯೆ ಅಲ್ಲೇ ಶುರುವಾಗುತ್ತದೆ. 1 ಮೈಕ್ರಾನ್ ಪದರದಲ್ಲಿ ಅದು ಸಣ್ಣ ನಷ್ಟವಲ್ಲ. ಗಾಮಾ ಕಿರಣ ಬಳಸಿ. ಗಾಜು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಬಹುದು, ಅದರಿಂದ ತೊಂದರೆಯಿಲ್ಲ. ಬಂದ ಪದರವನ್ನು ತೇವ ತಾಗದ ಹಾಗೆ ಪ್ಯಾಕ್ ಮಾಡಿ ಇಡಿ, ಮಳೆಗಾಲದಲ್ಲಂತೂ ಡೆಸಿಕೇಟರ್‌ನಿಂದ (ಒಳಗೆ ತೇವ ಇಲ್ಲದ ಡಬ್ಬಿ) ಹೊರಗೆ ಬಿಡಬೇಡಿ.